ಅದೃಷ್ಟದ ಚೀಟಿ: ಲಾಟರಿ ನಡೆದು ಬಂದ ದಾರಿ

2024ರ ಅಕ್ಟೋಬರ್ ತಿಂಗಳಲ್ಲಿ ಕೇರಳ ಸರ್ಕಾರದ ಓಣಂ ಬಂಪರ್ ಲಾಟರಿಯ ಡ್ರಾ ಆಯಿತು. ಟಿಕೆಟ್ಟಿನ ಬೆಲೆ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. ಆ ಬಹುಮಾನ ಬಂದದ್ದು ಕರ್ನಾಟಕದ ಒಬ್ಬ ಸಾಧಾರಣ ದುಡಿಮೆಗಾರರಿಗೆ. ಸುದ್ದಿ ಕೇಳಿದವರು ಮೊದಲು ‘ಅಬ್ಬಾ, ಯೋಗ ಅಂದರೆ ಅದು!’ ಅಂದರು. ಅದರ ಬೆನ್ನಿಗೇ ಇನ್ನೊಂದು ಮಾತು ಬಂತು: ‘ನಾವೂ ಒಂದು ತಗೊಂಡಿದ್ದರೆ?’

ಈ ಎರಡನೆಯ ಮಾತಿನ ಮೇಲೆಯೇ ಲಾಟರಿ ಶತಮಾನಗಳಿಂದ ನಿಂತಿದೆ. ತನಗೆ ಬರುವುದಿಲ್ಲ ಅಂತ ಹತ್ತಕ್ಕೆ ಒಂಬತ್ತು ಪಾಲು ಗೊತ್ತಿದ್ದವರೂ ಮತ್ತೆ ಮತ್ತೆ ಟಿಕೆಟ್ ಯಾಕೆ ಕೊಳ್ಳುತ್ತಾರೆ? ದುರಾಸೆ, ಮೂಢತನ ಎಂದು ಹೇಳಿ ಮುಗಿಸಿಬಿಡುವವರಿದ್ದಾರೆ. ನನಗೆ ಆ ಉತ್ತರ ಸರಿಯೆನಿಸುವುದಿಲ್ಲ. ಲಾಟರಿಯ ಚರಿತ್ರೆಯನ್ನು ನೋಡಿದರೆ ಕೊಳ್ಳುವವರ ಮನಸ್ಸಿನಲ್ಲಿ ಆಸೆಯ ಜೊತೆಗೆ ಇನ್ನೊಂದು ಇರುವುದು ಕಾಣುತ್ತದೆ. ಅದು ನ್ಯಾಯದ ಹಂಬಲ.

ಚೀಟಿ ಎತ್ತುವ ಪದ್ಧತಿ ಹುಟ್ಟಿದ್ದು ಜೂಜಿಗಾಗಿ ಅಲ್ಲ. ಕಾಂಚೀಪುರದ ಹತ್ತಿರ ಉತ್ತರಮೇರೂರು ಎಂಬ ಊರಿದೆ. ಅಲ್ಲಿಯ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಅಂದರೆ ಹತ್ತನೆಯ ಶತಮಾನದ ಆರಂಭದ ಶಾಸನವಿದೆ. ಊರಿನ ಸಭೆಗೆ ಸದಸ್ಯರನ್ನು ಆರಿಸುವುದು ಹೇಗೆ ಎಂದು ಅದು ವಿವರವಾಗಿ ಹೇಳುತ್ತದೆ. ಅರ್ಹರಾದವರ ಹೆಸರನ್ನು ಓಲೆಗಳ ಮೇಲೆ ಬರೆದು ಕೊಡದಲ್ಲಿ ಹಾಕಬೇಕು. ಹಿರಿಯ ಅರ್ಚಕರೊಬ್ಬರು ಎದ್ದು ನಿಂತು ಎಲ್ಲರಿಗೂ ಕಾಣುವಂತೆ ಕೊಡ ಎತ್ತಿ ಹಿಡಿಯಬೇಕು. ಒಳಗೇನಿದೆ ಎಂದು ತಿಳಿಯದ ಚಿಕ್ಕ ಹುಡುಗನೊಬ್ಬ ಕೈ ಹಾಕಿ ಓಲೆ ತೆಗೆಯಬೇಕು. ಅದನ್ನು ತೆಗೆದುಕೊಳ್ಳುವವನು ಐದೂ ಬೆರಳುಗಳನ್ನು ಬಿಡಿಸಿ, ಅಂಗೈ ತೆರೆದು ತೆಗೆದುಕೊಳ್ಳಬೇಕು. ಕೈಯಲ್ಲಿ ಬೇರೆ ಓಲೆ ಅಡಗಿಸಿಕೊಂಡು ಅದಲುಬದಲು ಮಾಡುವವರು ಆ ಕಾಲದಲ್ಲೂ ಇದ್ದಿರಬೇಕು, ಅದಕ್ಕೇ ಈ ಎಚ್ಚರಿಕೆ. ಹಿಂದೆ ಹುದ್ದೆಯಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರನ್ನು ಕೊಡಕ್ಕೆ ಹಾಕುವಂತೆಯೇ ಇರಲಿಲ್ಲ.

ಪಕ್ಷಪಾತ ಬೇಡ ಎನ್ನುವಲ್ಲಿ ನಾವು ಈಗಲೂ ಚೀಟಿಯನ್ನೇ ನಂಬುತ್ತೇವೆ. ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೂ ಸಮಾನ ಮತ ಬಿದ್ದರೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟುಗಳನ್ನು ಹಂಚುವುದೂ ಲಾಟರಿಯಿಂದಲೇ. ಜಾತಿ, ಹಣ, ಶಿಫಾರಸು ಯಾವುದೂ ಅಲ್ಲಿ ನಡೆಯುವುದಿಲ್ಲ ಎಂಬ ಧೈರ್ಯ ನಮಗೆ.

ನ್ಯಾಯದ ಈ ಉಪಕರಣ ಪಣಕ್ಕೆ ತಿರುಗಿದ ಒಂದು ಪ್ರಸಂಗ ಇಟಲಿಯ ಜಿನೋವಾ ನಗರದ್ದು. ಹದಿನಾರನೆಯ ಶತಮಾನದಲ್ಲಿ ಅಲ್ಲಿಯ ಆಡಳಿತ ಮಂಡಳಿಗೆ ಐದು ಜನರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಯಾವ ಐವರ ಹೆಸರು ಬರುತ್ತದೆ ಎಂದು ಊರ ಜನ ಬಾಜಿ ಕಟ್ಟತೊಡಗಿದರು. ಬರುಬರುತ್ತಾ ಬಾಜಿಯೇ ದೊಡ್ಡದಾಯಿತು. ಹೆಸರುಗಳು ಹೋಗಿ ಅವುಗಳ ಜಾಗದಲ್ಲಿ 1ರಿಂದ 90ರವರೆಗಿನ ಅಂಕಿಗಳು ಬಂದವು. ಯುರೋಪಿನ ತುಂಬ ಹಬ್ಬಿದ ಲೊಟ್ಟೊ ಆಟ ಬೆಳೆದದ್ದು ಹೀಗೆ.

ಅದೃಷ್ಟದ ಮೇಲೆ ಜನ ದುಡ್ಡು ಹಾಕುತ್ತಾರೆ ಎನ್ನುವುದು ಖಾಲಿ ಬೊಕ್ಕಸದ ದೊರೆಗಳಿಗೂ ಗೊತ್ತಿತ್ತು, ಅವರು ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿ ಬಂದರುಗಳ ದುರಸ್ತಿಗೆ ಹಣ ಬೇಕೆಂದು 1567ರಲ್ಲಿ ಲಾಟರಿ ಪ್ರಕಟಿಸಿದಳು. ಅದರ ಡ್ರಾ ಆದದ್ದು 1569ರಲ್ಲಿ. ತೆರಿಗೆ ಹೇರಿದರೆ ಜನ ಗೊಣಗುತ್ತಾರೆ, ಲಾಟರಿ ಮಾಡಿದರೆ ತಾವಾಗಿಯೇ ತಂದು ಕೊಡುತ್ತಾರೆ. ಅಲ್ಲಿಂದ ಇಲ್ಲಿಯವರೆಗೆ ಲಾಟರಿ ನಡೆಸಿದ ಸರ್ಕಾರಗಳೆಲ್ಲ ನೆಚ್ಚಿಕೊಂಡದ್ದು ಈ ಲೆಕ್ಕವನ್ನೇ.

ಭಾರತದಲ್ಲಿ ಇದರ ದೊಡ್ಡ ಉದಾಹರಣೆ ಕಲ್ಕತ್ತಾ. ಅಲ್ಲಿಯ ಟೌನ್ ಹಾಲ್ ಲಾಟರಿ ಹಣದಿಂದ ಎದ್ದು ನಿಂತ ಕಟ್ಟಡ. 1817ರಲ್ಲಿ ಲಾಟರಿ ಕಮಿಟಿ ಎಂಬ ಸಮಿತಿಯೇ ರಚನೆಯಾಯಿತು. ಅದು ನಗರದಲ್ಲಿ ಕೆರೆಗಳನ್ನು ತೋಡಿಸಿತು, ಉದ್ದುದ್ದ ರಸ್ತೆಗಳನ್ನು ಹಾಕಿಸಿತು. ಇಂದು ಪುಸ್ತಕದಂಗಡಿಗಳಿಗೆ ಹೆಸರಾದ ಕಾಲೇಜ್ ಸ್ಟ್ರೀಟ್ ಅಂಥ ಒಂದು ರಸ್ತೆ. ಇಂಗ್ಲೆಂಡಿನಲ್ಲಿ 1826ಕ್ಕೆ ಸರ್ಕಾರಿ ಲಾಟರಿ ನಿಂತಿತು. ಬಡವರ ಹಣ ಪೋಲಾಗುತ್ತದೆ ಎಂಬ ಆಕ್ಷೇಪ ಅಲ್ಲಿ ಬಲವಾಗಿತ್ತು. ಕಲ್ಕತ್ತಾದ ಕಮಿಟಿ 1836ರವರೆಗೂ ನಡೆಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಸ್ವತಂತ್ರ ಭಾರತದಲ್ಲಿ ಲಾಟರಿಗೆಂದೇ ಒಂದು ಸರ್ಕಾರಿ ಇಲಾಖೆ ತೆರೆದ ಮೊದಲ ರಾಜ್ಯ ಕೇರಳ. ವರ್ಷ 1967, ಆಗ ಹಣಕಾಸು ಮಂತ್ರಿಯಾಗಿದ್ದವರು ಪಿ.ಕೆ. ಕುಂಞು. ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. ಮೊದಲ ಡ್ರಾ 1968ರ ಜನವರಿ 26ರಂದು ಆಯಿತು. ಅದೇ ವರ್ಷ ತಮಿಳುನಾಡಿನಲ್ಲಿ ಅಣ್ಣಾದುರೈ ಸರ್ಕಾರವೂ ಲಾಟರಿ ಶುರುಮಾಡಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು.

ಆ ದಿನಗಳನ್ನು ಕಂಡವರಿಗೆ ಬಸ್ ನಿಲ್ದಾಣದ ಚಿತ್ರ ನೆನಪಿರಬಹುದು. ರಟ್ಟಿಗೆ ಕ್ಲಿಪ್ ಹಾಕಿ ಸಾಲಾಗಿ ಸಿಕ್ಕಿಸಿದ ಬಣ್ಣಬಣ್ಣದ ಟಿಕೆಟ್ಟುಗಳು. ಅದನ್ನು ಹಿಡಿದು ಕೂಗುವ ಮಾರಾಟಗಾರ: ‘ನಾಳೆ ಡ್ರಾ, ಇವತ್ತೇ ಕೊನೆ!’ ಡ್ರಾ ಆದ ಮಾರನೆಯ ದಿನ ಚಹಾದಂಗಡಿಯ ಬೆಂಚಿನ ಮೇಲೆ ಪತ್ರಿಕೆ ಹರಡಿಕೊಂಡು ಒಬ್ಬಾತ ಅಂಕಿಗಳ ಸಾಲಿನ ಮೇಲೆ ಬೆರಳಿಡುತ್ತಿದ್ದ. ಮೊದಲ ಬಹುಮಾನ ನೋಡಿ ಆಯಿತು, ಇಲ್ಲ. ಎರಡನೆಯದು ಇಲ್ಲ, ಮೂರನೆಯದೂ ಇಲ್ಲ. ಬೆರಳು ಕೆಳಗಿಳಿಯುತ್ತಾ ಕೊನೆಯ ನಾಲ್ಕು ಅಂಕಿ ಸೇರಿದರೆ ಸಿಗುವ ಸಣ್ಣ ಬಹುಮಾನದ ಹತ್ತಿರ ಬರುತ್ತಿತ್ತು. ಅಲ್ಲಿ ಮೂರು ಅಂಕಿ ಸೇರಿ ಒಂದು ತಪ್ಪಿರುತ್ತಿತ್ತು. ಆತ ಟಿಕೆಟ್ ಹರಿದು ಹಾಕಿ ಏಳುವಾಗ ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುತ್ತಿದ್ದ. ಮುಂದಿನ ವಾರದ ಟಿಕೆಟ್ ಕೊಳ್ಳಿಸುತ್ತಿದ್ದದ್ದು ಆ ಮಾತೇ. ಲೆಕ್ಕದ ಪ್ರಕಾರ ಒಂದು ಅಂಕಿ ತಪ್ಪಿದರೂ ಎಲ್ಲ ಅಂಕಿ ತಪ್ಪಿದರೂ ಕೈಗೆ ಬರುವುದು ಸೊನ್ನೆಯೇ. ಆದರೆ ಮನಸ್ಸು ಹಾಗೆ ಎಣಿಸುವುದಿಲ್ಲ.

ವಾರಕ್ಕೊಮ್ಮೆ ಡ್ರಾ ಇದ್ದಾಗ ಕಾಯುವುದಕ್ಕಾದರೂ ಬಿಡುವಿತ್ತು. ಮುಂದೆ ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವ ಒಂದಂಕಿ ಲಾಟರಿ ಬಂದಾಗ ಅದೂ ಹೋಯಿತು. ದಿನಕ್ಕೆ ಹಲವು ಡ್ರಾಗಳು. ಬೆಳಗ್ಗೆ ಸೋತದ್ದನ್ನು ಮಧ್ಯಾಹ್ನ ಎತ್ತುತ್ತೇನೆ, ಮಧ್ಯಾಹ್ನದ್ದನ್ನು ಸಂಜೆ ಎತ್ತುತ್ತೇನೆ ಎಂದು ಕೂಲಿಯವರು, ಆಟೋ ಚಾಲಕರು ದಿನದ ದುಡಿಮೆಯನ್ನೆಲ್ಲ ಅಂಗಡಿಯಲ್ಲೇ ಸುರಿದು ಬರಿಗೈಯಲ್ಲಿ ಮನೆಗೆ ಹೋದರು. ಮನೆಗಳು ಹಾಳಾದವು, ಪ್ರಾಣಗಳೂ ಹೋದವು. ಈ ನೋವನ್ನು ಹೆಚ್ಚು ಉಂಡವರು ಟಿಕೆಟ್ ಕೊಂಡವರ ಹೆಂಡಿರು ಮಕ್ಕಳು. 1998ರಲ್ಲಿ ಸಂಸತ್ತು ಲಾಟರಿ ನಿಯಂತ್ರಣ ಕಾಯ್ದೆ ತಂದು ಒಂದಂಕಿಯ ಮೇಲೆ ಬಹುಮಾನ ಕೊಡುವುದನ್ನು ನಿಷೇಧಿಸಿತು. ಕಾಯ್ದೆ ಬಂದ ಮೇಲೂ ಹಾವಳಿ ಒಮ್ಮೆಗೇ ನಿಲ್ಲಲಿಲ್ಲ.

ರಾಜ್ಯಗಳ ಮುಂದೆ ಆಗ ಒಂದು ಕಾನೂನಿನ ತೊಡಕೂ ಇತ್ತು. ಬೇರೆ ರಾಜ್ಯಗಳ ಲಾಟರಿಗಳು ಇಲ್ಲಿ ಮಾರಾಟವಾಗುತ್ತಿದ್ದವು. ಅವನ್ನು ತಡೆಯಬೇಕಾದರೆ ರಾಜ್ಯವೊಂದು ಮೊದಲು ತನ್ನ ಸ್ವಂತ ಲಾಟರಿಯನ್ನು ನಿಲ್ಲಿಸಬೇಕು, ತಾನು ಮಾರುತ್ತಾ ಪಕ್ಕದವರಿಗೆ ಬೇಡವೆನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತೀರ್ಪು ಕೊಟ್ಟಿತು. ಜನರನ್ನು ಉಳಿಸಬೇಕಾದರೆ ಸರ್ಕಾರ ತನ್ನ ಆದಾಯವನ್ನೂ ಬಿಡಬೇಕಾಗಿತ್ತು. ತಮಿಳುನಾಡು 2003ರಲ್ಲಿ ಹಾಗೆ ಮಾಡಿತು. ಕರ್ನಾಟಕದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ 2007ರ ಏಪ್ರಿಲ್ 1ರಿಂದ ಎಲ್ಲ ಲಾಟರಿಗಳೂ ನಿಂತವು. ಅದೇ ವರ್ಷ ಜುಲೈಯಲ್ಲಿ ಸಾರಾಯಿಯೂ ನಿಂತಿತು. ಬಡವರ ಮನೆಯ ಸಂಜೆಗಳನ್ನು ಉಳಿಸಿದ ಎರಡು ತೀರ್ಮಾನಗಳೆಂದು ನಾನು ಅವನ್ನು ಗೌರವದಿಂದ ನೆನೆಯುತ್ತೇನೆ.

ಟಿಕೆಟ್ ನಿಂತಿತು, ಕೊಳ್ಳುವ ಆಸೆ ನಿಲ್ಲಲಿಲ್ಲ. ಮಂಗಳೂರಿನ ಕಡೆಯವರು ತಲಪಾಡಿ ದಾಟಿದರೆ, ಗುಂಡ್ಲುಪೇಟೆಯ ಕಡೆಯವರು ವಯನಾಡಿಗೆ ಇಳಿದರೆ ಕೇರಳದ ಟಿಕೆಟ್ ಸಿಗುತ್ತದೆ. ಓಸಿ, ಮಟ್ಕಾದಂಥ ಅಂಕಿ ಜೂಜುಗಳು ಕದ್ದುಮುಚ್ಚಿ ನಡೆದೇ ಇವೆ. ಈಚೆಗೆ ಜೂಜು ಮೊಬೈಲಿನೊಳಗೂ ಬಂತು, 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಬೇಕಾಯಿತು.

ಹಾಗಾದರೆ ಈ ಆಸೆಯ ಬೇರು ಎಲ್ಲಿದೆ? ವಿದ್ವಾಂಸರು ಇದನ್ನು ಬಹಳ ಕಾಲದಿಂದ ಯೋಚಿಸಿದ್ದಾರೆ. ಹೆಚ್ಚು ಟಿಕೆಟ್ ಕೊಂಡಷ್ಟೂ ಸೋಲು ಹೆಚ್ಚು ಖಚಿತವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿಯೇ ತೋರಿಸಿದ. ಇದ್ದಬದ್ದ ಟಿಕೆಟ್ಟನ್ನೆಲ್ಲ ಒಬ್ಬನೇ ಕೊಂಡರೆ ನಷ್ಟ ಶತಸ್ಸಿದ್ಧ. ಯಾಕೆಂದರೆ ಬಂದ ಹಣದಲ್ಲಿ ಏಜೆಂಟರ ಕಮಿಷನ್, ಖರ್ಚು, ಸರ್ಕಾರದ ಪಾಲು ಕಳೆದು ಉಳಿದದ್ದು ಮಾತ್ರ ಬಹುಮಾನವಾಗುತ್ತದೆ.

1979ರಲ್ಲಿ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇನ್ನೊಂದು ಅಂಶ ಹೇಳಿದರು. ತೀರ ಸಣ್ಣ ಸಂಭವವನ್ನು ಮನುಷ್ಯನ ಮನಸ್ಸು ಇದ್ದದ್ದಕ್ಕಿಂತ ದೊಡ್ಡದು ಮಾಡಿ ನೋಡುತ್ತದೆ. ಹತ್ತು ಲಕ್ಷಕ್ಕೆ ಒಂದು ಎಂದರೆ ಎಷ್ಟು ಎಂದು ನಾವು ಮನಸ್ಸಿಗೆ ತಂದುಕೊಳ್ಳಲಾರೆವು. ದಿನಕ್ಕೊಂದು ಟಿಕೆಟ್ಟಿನಂತೆ ಹತ್ತು ಲಕ್ಷ ಟಿಕೆಟ್ ಕೊಳ್ಳಲು 2,700 ವರ್ಷಕ್ಕೂ ಹೆಚ್ಚು ಬೇಕು. ಗೌತಮ ಬುದ್ಧ ಹುಟ್ಟುವುದಕ್ಕೂ ಮೊದಲು ಶುರುಮಾಡಿದ್ದರೆ ಈಗ ಮುಗಿಯುತ್ತಿತ್ತು. ಆದರೆ ಗೆದ್ದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಸೋತ ಲಕ್ಷಾಂತರ ಜನರದು ಬರುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಮನಸ್ಸು ನಂಬುತ್ತದೆ.

ನಂಬರ್ ಆರಿಸುವ ಸುಖವೂ ಒಂದಿದೆ. ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಒಂದು ಡಾಲರಿನ ಲಾಟರಿ ಟಿಕೆಟ್ಟುಗಳನ್ನು ಕೆಲವರಿಗೆ ಕೈಗೆ ಬಂದಂತೆ ಕೊಟ್ಟರು, ಕೆಲವರಿಗೆ ಅವರೇ ಆರಿಸಿಕೊಳ್ಳಲು ಬಿಟ್ಟರು. ಆಮೇಲೆ ಅದನ್ನು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದಾಗ ಮೊದಲಿನವರು ಸರಾಸರಿ ಎರಡು ಡಾಲರಿನಷ್ಟು ಹೇಳಿದರು, ತಾವೇ ಆರಿಸಿದವರು ಎಂಟು ಡಾಲರಿಗೂ ಮೇಲೆ ಹೇಳಿದರು. ಮಗಳ ಹುಟ್ಟಿದ ತಾರೀಕು, ಸ್ಕೂಟರಿನ ನಂಬರ್, ಕನಸಿನಲ್ಲಿ ಕಂಡ ಅಂಕಿ ಎಂದು ಹುಡುಕಿ ಕೊಳ್ಳುವ ನಮ್ಮ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ನನಗೆ ಹೆಚ್ಚು ನಿಜವೆನಿಸುವುದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಮತ್ತು ಸಂಖ್ಯಾಶಾಸ್ತ್ರಜ್ಞ ಎಲ್.ಜೆ. ಸ್ಯಾವೇಜ್ 1948ರಲ್ಲಿ ಎತ್ತಿದ ಪ್ರಶ್ನೆ. ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ವಿಮೆ ಮಾಡಿಸುತ್ತಾನೆ, ಇನ್ನೊಂದು ಕೈಯಲ್ಲಿ ಲಾಟರಿ ಕೊಳ್ಳುತ್ತಾನೆ. ಒಂದರಲ್ಲಿ ಅಪಾಯಕ್ಕೆ ಹೆದರುತ್ತಾನೆ, ಇನ್ನೊಂದರಲ್ಲಿ ಅಪಾಯವನ್ನು ಬಯಸುತ್ತಾನೆ. ಇದು ಹೇಗೆ? ಅವರ ಉತ್ತರದ ತಿರುಳು ಇಷ್ಟು: ಸಣ್ಣಪುಟ್ಟ ಹಣ ಬಂದರೆ ಮನುಷ್ಯ ಇದ್ದಲ್ಲೇ ಸ್ವಲ್ಪ ಸುಧಾರಿಸುತ್ತಾನೆ, ದೊಡ್ಡ ಹಣ ಬಂದರೆ ಬದುಕಿನ ಅಂತಸ್ತೇ ಬದಲಾಗುತ್ತದೆ. ಆ ನೆಗೆತಕ್ಕಾಗಿ ಆತ ಸಣ್ಣ ನಷ್ಟವನ್ನು ಒಪ್ಪಿಕೊಳ್ಳುತ್ತಾನೆ. ಜೀವಮಾನವಿಡೀ ದುಡಿದರೂ ಸಾಲ ತೀರುವುದಿಲ್ಲ, ಸ್ವಂತ ಸೂರು ಆಗುವುದಿಲ್ಲ ಎಂದು ಗೊತ್ತಾದವನಿಗೆ ಟಿಕೆಟ್ ಒಂದೇ ತೆರೆದಂತೆ ಕಾಣುವ ಬಾಗಿಲು. ಮೇಲಾಗಿ ಆ ಬಾಗಿಲಲ್ಲಿ ಯಾರೂ ‘ನೀನು ಯಾರ ಕಡೆಯವನು’ ಎಂದು ಕೇಳುವುದಿಲ್ಲ. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಆ ಪ್ರಶ್ನೆ ಕೇಳಿಸಿಕೊಂಡು ಸಾಕಾದವನಿಗೆ ಇದು ಸಣ್ಣ ಗೌರವವಲ್ಲ. ಲಾಟರಿಯಲ್ಲಿ ನ್ಯಾಯದ ಹಂಬಲವಿದೆ ಎಂದು ನಾನು ಹೇಳಿದ್ದು ಇದಕ್ಕೆ.

ಅಲ್ಲಿ ಸಿಗುವುದು ಅರ್ಧ ನ್ಯಾಯ ಮಾತ್ರ. ಡ್ರಾದ ಚಕ್ರ ಯಾರ ಮುಖವನ್ನೂ ನೋಡುವುದಿಲ್ಲ, ನಿಜ. ಆದರೆ ಎಲ್ಲರ ಕೈಯಿಂದ ತೆಗೆದು ಒಬ್ಬನ ಕೈಗೆ ಹಾಕುತ್ತದೆ. ಆ ಒಬ್ಬನಿಗೂ ನೆಮ್ಮದಿ ಸಿಗುತ್ತದೆಂದು ಹೇಳಲಾಗದು. 2022ರಲ್ಲಿ ಇದೇ ಓಣಂ ಬಂಪರಿನ 25 ಕೋಟಿ ಗೆದ್ದವರು, ಸಹಾಯ ಕೇಳಿ ಮನೆಮುಂದೆ ಸಾಲುಗಟ್ಟಿದವರನ್ನು ತಡೆಯಲಾರದೆ, ಇದು ಬರದಿದ್ದರೇ ಚೆನ್ನಾಗಿತ್ತು ಎಂದು ನೊಂದು ಹೇಳಿದ್ದು ಸುದ್ದಿಯಾಗಿತ್ತು. ಕೇರಳ 2011ರಲ್ಲಿ ಕಾರುಣ್ಯ ಎಂಬ ಲಾಟರಿ ತಂದು ಅದರ ಆದಾಯವನ್ನು ಬಡ ರೋಗಿಗಳ ಚಿಕಿತ್ಸೆಗೆ ಮೀಸಲಿಟ್ಟಿತು. ಅದರಿಂದ ಬದುಕಿದ ಜೀವಗಳಿವೆ, ಟಿಕೆಟ್ ಮಾರಿ ಹೊಟ್ಟೆ ಹೊರೆಯುವ ಅಂಗವಿಕಲರಿದ್ದಾರೆ, ವೃದ್ಧರಿದ್ದಾರೆ. ಆದರೂ ಬಡವನ ಚಿಕಿತ್ಸೆಯ ಹಣವನ್ನು ಇನ್ನೊಬ್ಬ ಬಡವನ ಆಸೆಯಿಂದ ಎತ್ತುವುದು ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಇದೇ ಚೀಟಿ ಎತ್ತುವ ಪದ್ಧತಿಯನ್ನು ನಮ್ಮ ಹೆಂಗಸರು ಬೇರೆ ಬಗೆಯಲ್ಲಿ ಬಳಸುವುದನ್ನು ನೋಡಿ. ಬೀದಿಯ ಇಪ್ಪತ್ತು ಮಂದಿ ಸೇರಿ ತಿಂಗಳಿಗೆ ಸಾವಿರದಂತೆ ಹಾಕುತ್ತಾರೆ. ಚೀಟಿ ಎತ್ತಿದಾಗ ಒಬ್ಬರಿಗೆ ಇಪ್ಪತ್ತು ಸಾವಿರ. ಈ ತಿಂಗಳು ಬರದಿದ್ದವರಿಗೆ ಮುಂದೆ ಬಂದೇ ಬರುತ್ತದೆ. ಸರದಿ ಯಾರದು ಎನ್ನುವುದಷ್ಟೇ ಅದೃಷ್ಟಕ್ಕೆ ಬಿಟ್ಟ ವಿಷಯ, ಹಾಕಿದ ಹಣ ಎಲ್ಲರಿಗೂ ಮರಳುತ್ತದೆ. ಉತ್ತರಮೇರೂರಿನ ಕೊಡದ ನ್ಯಾಯಕ್ಕೆ ಇದು ಹತ್ತಿರ.

ಟಿಕೆಟ್ ಕೊಳ್ಳುವವರನ್ನು ಹೀಯಾಳಿಸುವುದರಿಂದ ಯಾರೂ ಕೊಳ್ಳುವುದನ್ನು ಬಿಡುವುದಿಲ್ಲ. ಲಾಟರಿ ಮಾರುವ ಸರ್ಕಾರಗಳು ಗೆಲ್ಲುವ ಸಂಭವ ಎಷ್ಟು ಎಂಬುದನ್ನು ಬಹುಮಾನದ ಮೊತ್ತದಷ್ಟೇ ದೊಡ್ಡ ಅಕ್ಷರದಲ್ಲಿ ಟಿಕೆಟ್ಟಿನ ಮೇಲೆ ಅಚ್ಚುಹಾಕಲಿ. ಲಾಟರಿ ನಿಲ್ಲಿಸಿದ ನಮ್ಮಂಥ ರಾಜ್ಯಗಳು ಅಷ್ಟಕ್ಕೇ ಕೈತೊಳೆದುಕೊಳ್ಳದೆ, ಕಡಿಮೆ ಬಡ್ಡಿಯ ಸಾಲ, ಖರ್ಚಿಲ್ಲದ ಚಿಕಿತ್ಸೆ, ಶಿಫಾರಸಿಲ್ಲದೆ ಸಿಗುವ ಸೂರು ಇವನ್ನು ಜನರ ಕೈಗೆ ಮುಟ್ಟಿಸಲಿ. ಆಗಲೂ ಕೆಲವರು ಟಿಕೆಟ್ ಕೊಳ್ಳಬಹುದು. ಆದರೆ ಆಟಕ್ಕೆಂದು ಕೊಂಡಾರು, ಬೇರೆ ದಾರಿಯಿಲ್ಲ ಎಂದು ಯಾರೂ ಕೊಳ್ಳಬೇಕಾಗುವುದಿಲ್ಲ.