ಕೈಯ ಬಲ ದಾರಿಯಲ್ಲಿ ಸೋರಬಾರದು



ಕಾಫಿ ತೋಟಗಳ ಸಾಲುಮನೆಗಳಿಂದ ಇಷ್ಟು ದೂರ ಬಂದು ನೀವು ಇಚಲಕರಂಜಿಯಲ್ಲಿ ನಮ್ಮೊಡನೆ ಕುಳಿತಿದ್ದೀರಿ. ನಾವು ಮಗ್ಗದವರು, ನೀವು ತೋಟದವರು. ಆದರೂ ಬೆಳಿಗ್ಗೆ ಚಹಾ ಕುಡಿಯುವಾಗ ಒಂದು ಸಂಗತಿ ಇಬ್ಬರಿಗೂ ಸಮಾನವೆಂದು ತಿಳಿಯಿತು. ಮನೆಗೊಂದು ಹಳೆಯ ಮೋಟಾರ್ ಸೈಕಲ್ಲು, ಅದಕ್ಕೆ ಹೆಸರಿಗೆ ಮಾತ್ರ ಒಂದು ಮುಂದಿನ ಬ್ರೇಕು. ಆದ್ದರಿಂದ ಇಂದು ಅದನ್ನು ಕುರಿತೇ ಎರಡು ಮಾತು.

ಒಂದು ಮಳೆಗಾಲ ನಾವಿಬ್ಬರು ಗಡಹಿಂಗ್ಲಜ, ಆಜರಾ ದಾಟಿ ಆಂಬೋಲಿ ಘಾಟು ಇಳಿಯುತ್ತಿದ್ದೆವು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಅದೂ ಒಂದು. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆಂದು ಹಿರಿಯರು ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಕಾಲಿನ ಬ್ರೇಕನ್ನೇ ತುಳಿಯುತ್ತ ಇಳಿದೆವು. ಅದು ಕಾದು ಸೋತಿತು. ತಿರುವಿನಲ್ಲಿ ಬಸ್ಸು ನಿಂತಿತ್ತು. ಕೈಬ್ರೇಕು ಹಿಡಿದರೆ ಲಿವರ್ ಹ್ಯಾಂಡಲಿಗೆ ತಾಗಿತು, ಗಾಡಿ ನಿಲ್ಲಲಿಲ್ಲ. ಗುಡ್ಡದ ಬದಿಯ ಚರಂಡಿಗೆ ಇಳಿಸಿದ್ದರಿಂದ ಜೀವ ಉಳಿಯಿತು. ಒಬ್ಬನ ಮೊಣಕಾಲು ಮುರಿಯಿತು. ಎರಡು ತಿಂಗಳು ಮಗ್ಗವಿಲ್ಲ. ಮಗ್ಗವಿಲ್ಲದ ಮೇಲೆ ಕೂಲಿಯೂ ಇಲ್ಲ. ತಪ್ಪು ಗಾಡಿಯದಲ್ಲ, ನಮ್ಮದು.

ಬಸ್ಸು ಬ್ರೇಕು ಹಾಕಿದಾಗ ಒಳಗಿದ್ದವರೆಲ್ಲ ಮುಂದಕ್ಕೆ ಬಾಗುವುದನ್ನು ನೀವು ಕಂಡಿದ್ದೀರಿ. ಮೋಟಾರ್ ಸೈಕಲ್ಲಿನಲ್ಲೂ ಭಾರ ಹಾಗೆಯೇ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ಗಾಡಿ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನದೇ. ಬೀಳಿಸುವುದು ಬ್ರೇಕಲ್ಲ, ಗಕ್ಕನೆ ಹಿಡಿಯುವುದು, ತಿರುವಿನಲ್ಲಿ ಹಿಡಿಯುವುದು. ನೆನಪಿಡಿ, ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಓಡುತ್ತಿವೆ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಬಿಎಸ್ ಅಥವಾ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ಬ್ರೇಕು ಕಡ್ಡಾಯವಾಯಿತು. ಹಳೆಯ ಗಾಡಿಗೆ ಅದೊಂದೂ ಇಲ್ಲ. ಅದರ ಡ್ರಮ್ ಬ್ರೇಕನ್ನು ನಾವೇ ನೋಡಿಕೊಳ್ಳಬೇಕು.

ಬ್ರೇಕು ಸೋತರೆ ಒಂದೇ ದೊಡ್ಡ ದೋಷವನ್ನು ಹುಡುಕಬೇಡಿ. ಕೈಯ ಬಲ ಬೆರಳಿನಿಂದ ಡ್ರಮ್ಮಿಗೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಸೋರುತ್ತದೆ. ಸೋರಿದ್ದನ್ನು ಒಂದೊಂದಾಗಿ ಮುಚ್ಚಬೇಕು.

ಮೊದಲು ಕೇಬಲ್. ಎಳೆ ಹರಿದಿದ್ದರೆ, ಹೊರಕವಚ ಕುಸಿದಿದ್ದರೆ ಬದಲಿಸಿ. ಬಿಗಿಯಾದ ತಿರುವಿಲ್ಲದೆ ಹಾಯಿಸಿ, ಎಣ್ಣೆ ಬಿಡಿ.

ಎರಡನೆಯದು ಡ್ರಮ್ಮಿನ ಹೊರಗಿನ ತೋಳು. ಬ್ರೇಕು ಹಿಡಿದಾಗ ಕೇಬಲ್ಲಿಗೂ ತೋಳಿಗೂ ನಡುವೆ ಸುಮಾರು 90 ಡಿಗ್ರಿ ಇರಬೇಕು. ಅದನ್ನು ದಾಟಿದರೆ ಬಲ ವ್ಯರ್ಥ. ಆದರೆ ಶೂ ಸವೆದಿದ್ದರೆ ತೋಳನ್ನು ತಿರುಗಿಸಿ ಆ ಸವೆತವನ್ನು ಮರೆಮಾಡಬೇಡಿ. ಕ್ಯಾಮ್ ಅತಿಯಾಗಿ ತಿರುಗಿ ಚಕ್ರವೇ ಬಿಗಿದುಕೊಂಡೀತು. ಹೊಸ ಶೂ ಹಾಕಿಸಿ.

ಮೂರನೆಯದು ಶೂ. ಒಳಗಿನ ಪುಡಿಯನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರುವುದುಂಟು, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳನ್ನು ದೂರವಿಡಿ. ಲೈನಿಂಗು ಗಾಜಿನಂತೆ ಹೊಳೆಯುತ್ತಿದ್ದರೆ ನೀರು ಹಚ್ಚಿ ಮರಳು ಕಾಗದದಿಂದ ಉಜ್ಜಿ ಒಣಗಿಸಿ. ಎಣ್ಣೆ ಹೀರಿದ ಶೂ ಮಾತ್ರ ಎಸೆಯತಕ್ಕದ್ದೇ. ಕ್ಯಾಮಿಗೆ ಗ್ರೀಸು ಉಗುರಿನ ತುದಿಯಷ್ಟು ಸಾಕು. ಹೊಸ ಶೂಗೆ ಸೀಮೆಸುಣ್ಣ ಬಳಿದು ಜೋಡಿಸಿ, ಚಕ್ರ ತಿರುಗಿಸಿ ಬ್ರೇಕು ಹಿಡಿದು, ಬಿಚ್ಚಿ ನೋಡಿ. ಸುಣ್ಣ ಅಳಿಸಿದಲ್ಲಿ ಮಾತ್ರ ಅದು ಡ್ರಮ್ಮಿಗೆ ತಾಗುತ್ತಿದೆ. ಉಬ್ಬಿದ್ದನ್ನು ಸ್ವಲ್ಪಸ್ವಲ್ಪವಾಗಿ ಉಜ್ಜಿದರೆ ಪೂರ್ತಿ ಲೈನಿಂಗು ದುಡಿಯುತ್ತದೆ.

ನಾಲ್ಕನೆಯದು ಡ್ರಮ್. ಬ್ರೇಕು ಹಿಡಿದಾಗ ಲಿವರ್ ಬೆರಳಿಗೆ ಮಿಡಿಯುತ್ತಿದ್ದರೆ ಡ್ರಮ್ ದುಂಡಗಿಲ್ಲ. ಸ್ಪೋಕುಗಳ ಎಳೆತದಿಂದಲೂ ಹಾಗಾಗುತ್ತದೆ. ಆದ್ದರಿಂದ ಸ್ಪೋಕು ಬಿಗಿಸಿದ ಮೇಲೆಯೇ ಲೇತಿಗೆ ಕೊಡಿ. ಮಿತಿ ಮೀರಿ ಕೊರೆಸಬೇಡಿ.

ಕೊನೆಗೆ, ಖರ್ಚಿಲ್ಲದ ಕೆಲಸ. ಆಕ್ಸಲ್ ನಟ್ಟು ಸಡಿಲಿಸಿ, ಚಕ್ರ ತಿರುಗಿಸಿ, ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಟ್ಟು ಬಿಗಿಸಿ. ಶೂಗಳು ತಾವಾಗಿ ಡ್ರಮ್ಮಿನ ನಡುವೆ ಕೂರುತ್ತವೆ. ನಾವು ಇದನ್ನು ಮಾಡಿದ ದಿನವೇ ಲಿವರ್ ಬಿಗಿಯಾಯಿತು. ಎರಡು ಕ್ಯಾಮ್ ಇರುವ ಬ್ರೇಕಾದರೆ ಜೋಡಿಸುವ ಸರಳನ್ನು ಸರಿಪಡಿಸಿ ಎರಡೂ ಶೂ ಒಂದೇ ಕ್ಷಣಕ್ಕೆ ತಾಗುವಂತೆ ಮಾಡಿ.

ಇಷ್ಟಾದರೂ ಚಾರ್ಮಾಡಿ, ಸಂಪಾಜೆ ಇಳಿಯುವಾಗ ಎಚ್ಚರ ಬೇಕು. ಎರಡು ಸ್ಟ್ರೋಕಿನ ಇಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಮೊದಲೇ ಕೆಳಗಿನ ಗೇರಿಗೆ ಬನ್ನಿ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಬ್ರೇಕು ಮೆತ್ತಗಾದರೆ ಬದಿಗೆ ನಿಲ್ಲಿಸಿ ಆರಲು ಬಿಡಿ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತ ಮೆಲ್ಲಗೆ ಹಿಡಿದು ಒಣಗಿಸಿ. ಗಟ್ಟಿಯಾದ ಹಳೆಯ ಟಯರಿಗೆ ಎಷ್ಟು ಒಳ್ಳೆಯ ಬ್ರೇಕು ಇದ್ದರೂ ಪ್ರಯೋಜನವಿಲ್ಲ.

ರಿಪೇರಿಯಾದ ದಿನ ಖಾಲಿ ರಸ್ತೆಯಲ್ಲಿ ಗೆರೆ ಎಳೆದು, ಮೆಲ್ಲನೆಯ ವೇಗದಿಂದ ನಿಲ್ಲಿಸಿ, ಎಷ್ಟು ಹೆಜ್ಜೆಯಾಯಿತೆಂದು ಎಣಿಸಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಹೆಜ್ಜೆ ಹೆಚ್ಚಿದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಸಹೋದರಿಯರೇ, ಹಿಂದೆ ಕೂರುವವರು ನೀವು, ಮಗುವನ್ನು ಹಿಡಿಯುವವರೂ ನೀವು. ಹತ್ತುವ ಮುಂಚೆ ಒಮ್ಮೆ ನೀವೇ ಆ ಲಿವರ್ ಹಿಡಿದು ನೋಡಿ. ಅದು ಹ್ಯಾಂಡಲಿಗೆ ತಾಗಿದರೆ ಆ ದಿನ ಹತ್ತಬೇಡಿ, ನಡೆದೇ ಹೋಗಿ. ಒಂದು ದಿನದ ಕೂಲಿ ಹೋದರೆ ಮತ್ತೆ ದುಡಿಯಬಹುದು.