ತಕ್ಕಡಿಯ ಕಲ್ಲನ್ನೂ ತೂಗಿ ನೋಡಬೇಕು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ತಕ್ಕಡಿ ಹಿಡಿದು ಬದುಕುವವರು ನಿಮ್ಮಲ್ಲಿ ಅನೇಕರಿದ್ದೀರಿ. ಮುಳ್ಳು ನೆಟ್ಟಗೆ ನಿಂತ ಮಾತ್ರಕ್ಕೆ ತೂಕ ಸರಿಯಾಯಿತೆಂದಲ್ಲ. ಕಲ್ಲೇ ಸುಳ್ಳಾಗಿದ್ದರೆ ಮುಳ್ಳು ಏನು ಮಾಡೀತು? ಈ ಹೊತ್ತು ಅಂಥ ಒಂದು ಸುಳ್ಳು ಕಲ್ಲಿನ ವಿಷಯ ಹೇಳುತ್ತೇನೆ. ಅದು ಬೇಳೆ ತೂಗುವ ಕಲ್ಲಲ್ಲ, ಪ್ರಾಣ ತೂಗುವ ಕಲ್ಲು.

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ನಿನಲ್ಲಿ ಡಾಕ್ಟರ್ ಜೋಸೆಫ್ ಮರ್ರೆಯವರೂ ಸಂಗಡಿಗರೂ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಬದುಕಿಸಿದರು. ವಿದ್ಯೆ ಬೆಳೆಯಿತು. ಆದರೆ ಬೇಕೆನ್ನುವವರು ಹೆಚ್ಚು, ಸಿಗುವ ಅಂಗಗಳು ಕಡಿಮೆ. ಅಲ್ಲಿ 1984ರ ಕಾನೂನು ಅಂಗಗಳ ಮಾರಾಟವನ್ನು ನಿಷೇಧಿಸಿತು. ಸರತಿಯ ಪಟ್ಟಿ ಏರ್ಪಟ್ಟಿತು. ಸರತಿಯೆಂದರೆ ನ್ಯಾಯವೇ ಎಂದು ಜನ ನಂಬಿದರು.

ಸರತಿಯ ದಿನ ಎಣಿಸುವುದು ಎಂದಿನಿಂದ? ಮೂತ್ರಪಿಂಡದ ಶಕ್ತಿ 20ಕ್ಕೆ ಇಳಿದಾಗ, ಇಲ್ಲವೆ ಡಯಾಲಿಸಿಸ್ ಆರಂಭವಾದಾಗ. ಶಕ್ತಿಯನ್ನು ಅಳೆಯಲು ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ನೋಡಿ ಒಂದು ಸೂತ್ರದಿಂದ ಲೆಕ್ಕ ಹಾಕುತ್ತಾರೆ. 1999ರ ಸೂತ್ರದಲ್ಲಿಯೂ 2009ರ ಸೂತ್ರದಲ್ಲಿಯೂ ಒಂದು ವಿಚಿತ್ರವಿತ್ತು. ರೋಗಿ ಕರಿಯನಾದರೆ ಬಂದ ಉತ್ತರವನ್ನು ಇನ್ನಷ್ಟು ಹೆಚ್ಚಿಸಬೇಕು! ಕರಿಯರಿಗೆ ಮಾಂಸಖಂಡ ಹೆಚ್ಚೆಂಬುದು ಅದಕ್ಕೆ ಕೊಟ್ಟ ಕಾರಣ.

ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು, ಲೆಕ್ಕದಲ್ಲಿಯೇ ಹೇಳುತ್ತೇನೆ. ಇಬ್ಬರ ವಯಸ್ಸು ಒಂದೇ, ರಕ್ತದ ಪರೀಕ್ಷೆ ಒಂದೇ. ಬಿಳಿಯನಿಗೆ 19 ಬಂತು, ಅವನು ಸರತಿಗೆ ಸೇರಿದ. ಕರಿಯನ 19ನ್ನು 1.16ರಿಂದ ಗುಣಿಸಿದರು, 22 ಆಯಿತು. 'ನಿನಗಿನ್ನೂ ಶಕ್ತಿಯಿದೆ, ಹೋಗಿ ಬಾ' ಎಂದರು. ಮೂತ್ರಪಿಂಡ ಕೆಡುವುದು ಆ ದೇಶದಲ್ಲಿ ಬಿಳಿಯರಿಗಿಂತ ಕರಿಯರಲ್ಲಿಯೇ ಬಹಳ ಹೆಚ್ಚು. ಹೆಚ್ಚು ಬೇನೆಯುಳ್ಳವರನ್ನೇ ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಯಿತು.

ವೈದ್ಯ ವಿದ್ಯಾರ್ಥಿಗಳೂ ಕೆಲವು ವೈದ್ಯರೂ ಇದನ್ನು ಪ್ರಶ್ನಿಸಿದರು. 2021ರಲ್ಲಿ ಬಣ್ಣವಿಲ್ಲದ ಸೂತ್ರ ಬಂತು. 2022ರಲ್ಲಿ ಸರತಿಗೆ ಹಳೆಯ ಸೂತ್ರ ಬಳಸಕೂಡದೆಂದು ನಿಯಮವಾಯಿತು. 2023ರಿಂದ, ಕಳೆದುಹೋದ ಕಾಲವನ್ನು ಕರಿಯ ರೋಗಿಗಳ ಲೆಕ್ಕಕ್ಕೆ ಮರಳಿ ಜಮಾ ಮಾಡತೊಡಗಿದರು. 2024ರ ವಸಂತದ ಹೊತ್ತಿಗೆ 14,000ಕ್ಕೂ ಹೆಚ್ಚು ಮಂದಿಗೆ ಹೀಗೆ ಕಾಲ ದೊರಕಿತು. ನಡುವೆಯೇ ಸತ್ತವರ ಲೆಕ್ಕಕ್ಕೆ ಯಾರು ಜಮಾ ಮಾಡುವರು?

ಹೆಂಗಸರ ಪಾಡು ಇದರ ತಿರುಗುಮುರುಗು. 2002ರಿಂದ ಅಲ್ಲಿ ಯಕೃತ್ತಿನ ಸರತಿಯನ್ನು ಅಂಕಗಳ ಮೇಲೆ ನಡೆಸಿದರು. ರೋಗ ಹೆಚ್ಚಾದಷ್ಟೂ ಅಂಕ ಹೆಚ್ಚು. ಅದರಲ್ಲಿಯೂ ಕ್ರಿಯಾಟಿನಿನ್ ಸೇರಿತ್ತು. ಹೆಂಗಸರ ಮಾಂಸಖಂಡ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಬೇನೆ ಬಲಿತಿದ್ದರೂ ಅಂಕ ಏರದು. ಕಾದು ಕಾದು ಸಾಯುವುದು ಅವರಲ್ಲಿ ಹೆಚ್ಚಾಯಿತು. 2023ರಲ್ಲಿ ಹೆಂಗಸರಿಗೆ 1.33 ಅಂಕ ಕೂಡಿಸಿದರು. ನೋಡಿ, ಬಣ್ಣದ ವಿಷಯದಲ್ಲಿ ಇಲ್ಲದ ಭೇದವನ್ನು ಎಣಿಸಿದರು. ಹೆಣ್ಣಿನ ವಿಷಯದಲ್ಲಿ ಇದ್ದ ಭೇದವನ್ನು ಮರೆತರು. ಎರಡೂ ಕಡೆ ತಕ್ಕಡಿಯ ಮುಳ್ಳು ಮಾತ್ರ ನೆಟ್ಟಗೇ ಇತ್ತು.

ದೂರದ ದೇಶದ ತಪ್ಪನ್ನು ಎತ್ತಿ ಹೇಳುವುದು ಸುಲಭ. ನಮ್ಮ ಮನೆಯ ತಕ್ಕಡಿ ಹೇಗಿದೆ? ನಮ್ಮ ದೇಶದಲ್ಲಿ 1995ರಿಂದ 2021ರವರೆಗಿನ 36,640 ಅಂಗ ಜೋಡಣೆಗಳಲ್ಲಿ ಹೆಂಗಸರಿಗೆ ದೊರೆತವು 6,945 ಮಾತ್ರ, ಐದರಲ್ಲಿ ಒಂದೂ ಪೂರ್ತಿ ಇಲ್ಲ. ಆದರೆ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರೇ: ತಾಯಿ, ಹೆಂಡತಿ. ಇಲ್ಲಿ ಯಾವ ಸೂತ್ರವೂ ಬೇಕಾಗಲಿಲ್ಲ. ದುಡಿಯುವವನು ಉಳಿಯಲಿ ಎಂಬ ಮಾತು ಸಾಕಾಯಿತು. ಸಂಬಳ ನಿಂತರೆ ಒಲೆ ಆರುತ್ತದೆಂಬ ಭಯ ಸುಳ್ಳಲ್ಲ, ನಾನೂ ಬಲ್ಲೆ. ಆದರೆ ಬೀಡಿ ಕಟ್ಟುವವಳು, ನೂಲು ಸುತ್ತುವವಳು, ಮನೆ ನಡೆಸುವವಳು ದುಡಿಯುವವಳಲ್ಲವೇ? ಅವಳು ಬೇನೆ ಬಿದ್ದಾಗ ನಮ್ಮಲ್ಲಿ ಎಷ್ಟು ಗಂಡಸರು 'ನನ್ನದನ್ನು ತೆಗೆದುಕೊಳ್ಳಿ' ಎಂದು ಮುಂದೆ ಬಂದೇವು?

ನಾನು ಕೇಳುವುದು ಎರಡೇ. ಮನೆಯಲ್ಲಿ ಹೆಣ್ಣಿನ ಒಪ್ಪಿಗೆಯನ್ನು ಬಿಟ್ಟಿಯೆಂದು ತಿಳಿಯಬೇಡಿ. 'ಬೇಡ' ಎನ್ನುವ ಹಕ್ಕು ಅವಳಿಗೆ ಇದೆ. ಎರಡನೆಯದು, ಮೆದುಳು ಸತ್ತ ಮೇಲೆ ಅಂಗದಾನ ಮಾಡಲು 1994ರ ಕಾನೂನು ಅವಕಾಶ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಅದನ್ನು ನೋಡಿಕೊಳ್ಳಲು 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆಯಿದೆ. ಅದಕ್ಕೆ ಹೆಸರು ಕೊಡಿ, ಮನೆಯವರಿಗೂ ತಿಳಿಸಿಡಿ. ಸತ್ತವರು ಕೊಟ್ಟಷ್ಟೂ ಬದುಕಿರುವ ತಾಯಂದಿರ ಮೇಲಿನ ಹೊರೆ ಇಳಿಯುತ್ತದೆ.

ಲೆಕ್ಕ ಹಾಕಿದವನು ದೊಡ್ಡವನೆಂದು ಸುಮ್ಮನಿರಬೇಡಿ. ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ.