ಮಳೆ ಅಳೆಯುವ ಯಂತ್ರವನ್ನು ಅಳೆಯುವವರು ಯಾರು?



ನಾನು ಪ್ರೆಸ್ ನಡೆಸುವವನು, ಓದಿದ್ದು ಪಿಯುಸಿ. ನಾಲ್ಕು ಬಣ್ಣದ ಪೋಸ್ಟರಿನಲ್ಲಿ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಾವಿರ ಪ್ರತಿ ಹಾಳು. ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಒಂದೇ ತಪ್ಪನ್ನು ಸಾವಿರ ಸಲ ನಿಷ್ಠೆಯಿಂದ ಮಾಡುತ್ತದೆ!

ಮಲೆನಾಡಿನ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ತೋಟದಲ್ಲಿ ಕೊಳೆತ ಕಾಯಿ ನೋಡಿ ಆ ಹಣ ಕೊಡುವುದಿಲ್ಲ. ಮಳೆಮಾಪಕದ ಅಂಕಿ ನೋಡಿ ಕೊಡುತ್ತಾರೆ. ಆ ಅಂಕಿ ಬರೆದಿಡುವುದು ಡೇಟಾ ಲಾಗರ್ ಎಂಬ ಪುಟ್ಟ ಪೆಟ್ಟಿಗೆ.

ಕೆಲಸ ಸರಳ. ಆಲಿಕೆಯಿಂದ ಇಳಿದ ನೀರು ಪುಟ್ಟ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತುಂಬಿದೊಡನೆ ತಕ್ಕಡಿಯಂತೆ ಮಗುಚಿ, ಜೋಡಿ ಬಟ್ಟಲು ನೀರಿಗೆ ಬಾಯೊಡ್ಡುತ್ತದೆ. ಒಮ್ಮೆ ಮಗುಚಿದರೆ ಲಾಗರ್‌ಗೆ ಒಂದು ಎಣಿಕೆ. ಪ್ರೋಗ್ರಾಂನಲ್ಲಿ ಬರೆದಂತೆ, ಒಂದು ಎಣಿಕೆಗೆ 0.2 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ.

ಇದನ್ನು ಪರೀಕ್ಷಿಸುವುದು ಹೇಗೆ? ಮೊದಲು ಕಸ, ಜೇಡರ ಬಲೆ ತೆಗೆಯಿರಿ. ಮಾಪಕ ಸಮಮಟ್ಟದಲ್ಲಿದೆಯೇ ನೋಡಿ. ಬಾಯಿಯ ವ್ಯಾಸ 20 ಸೆಂ.ಮೀ. ಇದ್ದರೆ, 20 ಮಿ.ಮೀ. ಮಳೆ ಎಂದರೆ 628 ಮಿ.ಲೀ. ನೀರು. ಅಷ್ಟನ್ನು ಅಳೆದು ಸುಮಾರು ಒಂದು ಗಂಟೆ ಹನಿಹನಿಯಾಗಿ ಬಿಡಿ. 100 ಎಣಿಕೆ ಬರಬೇಕು. 95 ಬಂತೆ? ಹಾಗಾದರೆ 20 ಮಿ.ಮೀ. ಮಳೆಯನ್ನು ಆ ಪೆಟ್ಟಿಗೆ 19 ಎಂದು ಬರೆಯುತ್ತಿದೆ. ಮೂರು ಸಲ ಪರೀಕ್ಷಿಸಿಯೂ ಅದೇ ಬಂದರೆ 20ನ್ನು 95ರಿಂದ ಭಾಗಿಸಿ, ಪ್ರೋಗ್ರಾಂನಲ್ಲಿ 0.2ರ ಬದಲು 0.21 ಬರೆಯಬೇಕು. ಬಟ್ಟಲ ಕೆಳಗಿನ ತಿರುಪು ತಿರುಗಿಸಿ ಸರಿಪಡಿಸುವುದೂ ಉಂಟು.

ಇಷ್ಟಕ್ಕೇ ಮುಗಿಯಲಿಲ್ಲ. ಬಟ್ಟಲು ಮಗುಚುವ ಕ್ಷಣದಲ್ಲೂ ಮಳೆ ನಿಲ್ಲುವುದಿಲ್ಲ. ಆ ನೀರು ಲೆಕ್ಕ ತಪ್ಪುತ್ತದೆ. ಮಳೆ ಜೋರಾದಷ್ಟೂ ಎಣಿಕೆ ಕಡಿಮೆ! ಆದ್ದರಿಂದ ನೀರನ್ನು ನಿಧಾನವಾಗಿಯೂ ವೇಗವಾಗಿಯೂ ಬಿಟ್ಟು ನೋಡಬೇಕು. ಪರೀಕ್ಷೆಯ ನೀರು ಮಳೆಯ ಲೆಕ್ಕಕ್ಕೆ ಸೇರದಂತೆ ಗುರುತು ಹಾಕಬೇಕು.

ಎಲೆಕ್ಟ್ರಾನಿಕ್ಸ್ ಓದುತ್ತಿರುವ ತಮ್ಮಂದಿರೆ, ತಂಗಿಯರೆ, ಊರಿಗೆ ಹೋದಾಗ ಪಂಚಾಯಿತಿಯ ಮಾಪಕಕ್ಕೆ ಕೈಹಾಕಬೇಡಿ. ಆದರೆ ಕೇಳಿ: ಕೊನೆಯ ಪರೀಕ್ಷೆ ಯಾವಾಗ? ಎಷ್ಟು ನೀರಿಗೆ ಎಷ್ಟು ಎಣಿಕೆ? ಆ ಚೀಟಿಯನ್ನು ರೈತ ಓದುವಂತೆ ಗೋಡೆಗೆ ಅಂಟಿಸಿದ್ದೀರಾ?

ತಕ್ಕಡಿಗೆ ಸರ್ಕಾರದ ಮುದ್ರೆ ಕೇಳುವ ನಾವು, ಮಳೆಯ ತಕ್ಕಡಿಗೇಕೆ ಸುಮ್ಮನಿರಬೇಕು?